ಲೇಸರ್ ಆದ 9ನೇ ದಿನ: ಭಯಪಡಬೇಕಾದದ್ದು ತೊಡೆಯ ಎಳೆತಕ್ಕಲ್ಲ

ಪ್ರಶ್ನೆ: ನನಗೆ 46 ವರ್ಷ. ಯಲಹಂಕದಲ್ಲಿ ಪ್ರೌಢಶಾಲೆ ಶಿಕ್ಷಕಿ. ನಿಂತೇ ಪಾಠ ಮಾಡಿದ್ದರಿಂದಲೋ ಏನೋ ಬಲಗಾಲಲ್ಲಿ ನರ ಉಬ್ಬಿ, ಸಂಜೆಯಾದರೆ ಕಾಲು ಭಾರವಾಗುತ್ತಿತ್ತು. 9 ದಿನದ ಹಿಂದೆ ಬೆಂಗಳೂರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ತೊಡೆಯ ನರಕ್ಕೆ ಲೇಸರ್ ಮಾಡಿ, ಮಂಡಿ ಕೆಳಗಿನ ಗಂಟುಗಳನ್ನು ಮುಚ್ಚಲು ನೊರೆಯ ರೂಪದ ಔಷಧಿಯ ಇಂಜೆಕ್ಷನ್ ಕೊಟ್ಟು, ಅದೇ ಸಂಜೆ ಮನೆಗೆ ಕಳಿಸಿದರು. ಮೊದಲ 4 ದಿನ ಆರಾಮಾಗಿದ್ದೆ. 6ನೇ ದಿನದಿಂದ ತೊಡೆಯ ಒಳಬದಿಯಲ್ಲಿ ಹಗ್ಗ ಕಟ್ಟಿ ಎಳೆದ ಹಾಗಾಗುತ್ತಿದೆ, ಕಾಲು ಚಾಚಿದರೆ ಇನ್ನೂ ಜಾಸ್ತಿ. ಅಂಗೈಯಗಲ ನೀಲಿಗಟ್ಟಿದ್ದು ಈಗ ಹಳದಿಗೆ ತಿರುಗಿದೆ. ಮಂಡಿ ಕೆಳಗೆ ಒಳಬದಿಯಲ್ಲಿ ಮುಟ್ಟಿದರೆ ಗೊತ್ತೇ ಆಗುವುದಿಲ್ಲ. ನರ ಸುಟ್ಟುಬಿಟ್ಟಿದ್ದಾರೆ, ಇನ್ನು ಕಾಲಿಗೆ ರಕ್ತ ಹೇಗೆ ಓಡುತ್ತೆ ಅಂತ ಪಕ್ಕದ ಮನೆಯವರು ಕೇಳುತ್ತಾರೆ. ಅತ್ತೆ ಹರಳೆಣ್ಣೆ ನೀವಿ ಬಿಸಿನೀರಿನ ಶಾಖ ಕೊಡೋಣ ಅನ್ನುತ್ತಾರೆ. ಆಸ್ಪತ್ರೆಯವರು ಹಾಕಿಸಿದ ಬಿಗಿ ಸ್ಟಾಕಿಂಗ್ಸ್ ಮಂಡಿ ಹಿಂದೆ ಸುರುಳಿ ಸುತ್ತಿ ಕೊರೆಯುತ್ತಿತ್ತು, 5ನೇ ದಿನವೇ ತೆಗೆದಿಟ್ಟೆ. 7ನೇ ದಿನದ ಸ್ಕ್ಯಾನ್‌ಗೆ ಟ್ರಾಫಿಕ್‌ಗೆ ಹೆದರಿ ಹೋಗಲಿಲ್ಲ. 3 ದಿನದಿಂದ ಸಂಜೆ ಹೊತ್ತಿಗೆ ಬಲ ಮೀನಖಂಡ ಸ್ವಲ್ಪ ಊದಿ ಬಿಗಿಯಾಗುತ್ತದೆ, ಅದು ಬಿಡಿ. ನನ್ನ ಲೇಸರ್ ಕೆಟ್ಟಿದೆಯೇ? ಮುಂದಿನ ವಾರ ಮದುವೆಗೆ ರಾತ್ರಿ ಬಸ್ಸಿನಲ್ಲಿ ಉಡುಪಿಗೆ ಹೋಗಬಹುದೇ?

ಉತ್ತರ: ನೀವು ‘ಅದು ಬಿಡಿ’ ಎಂದ ಮಾತಿನಿಂದಲೇ ಶುರು ಮಾಡುತ್ತೇನೆ. ತೊಡೆಯ ಎಳೆತ, ನೀಲಿ, ಹಳದಿ, ಮರಗಟ್ಟಿದ ಚರ್ಮ ಯಾವುದೂ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಮೀನಖಂಡ ಊದಿದೆ, ಸ್ಕ್ಯಾನ್ ಆಗಿಲ್ಲ ಎಂಬ ಎರಡು ಸಂಗತಿ ಒಟ್ಟಿಗೆ ಬಂದಿರುವುದು ಕಾಡುತ್ತದೆ. ಇದನ್ನು ಓದುತ್ತಿರುವ ದಿನವೇ ಕಾಲಿನ ಡಾಪ್ಲರ್ (ನಾಳಗಳಲ್ಲಿ ರಕ್ತದ ಓಟ ನೋಡುವ) ಸ್ಕ್ಯಾನ್ ಮಾಡಿಸಿ. ತೀರಾ ಆಗದಿದ್ದರೆ ನಾಳೆ ಬೆಳಿಗ್ಗೆ, ಅದಕ್ಕಿಂತ ತಡ ಬೇಡ. ಲೇಸರ್ ಮಾಡಿದ ಆಸ್ಪತ್ರೆಗೇ ಹೋಗಬೇಕೆಂದಿಲ್ಲ. ಕಾಲಿನ ರಕ್ತನಾಳಗಳ ಡಾಪ್ಲರ್ ಮಾಡುವ ರೇಡಿಯಾಲಜಿಸ್ಟ್ ಅಥವಾ ರಕ್ತನಾಳ ತಜ್ಞರು ನಿಮ್ಮ ಹತ್ತಿರದಲ್ಲಿ ಎಲ್ಲಿದ್ದರೂ ಸರಿ. ಡಿಸ್ಚಾರ್ಜ್ ಸಮ್ಮರಿಯನ್ನು ಮಾತ್ರ ಮರೆಯದೆ ಒಯ್ಯಿರಿ. ಯಾವ ನಾಳಕ್ಕೆ, ಎಲ್ಲಿಂದ ಎಲ್ಲಿಯವರೆಗೆ ಲೇಸರ್ ಆಗಿದೆ ಎಂಬುದು ಅದರಲ್ಲಿರುತ್ತದೆ. ಅದು ಗೊತ್ತಿಲ್ಲದವರು ಸ್ಕ್ಯಾನ್ ಮಾಡಿದರೆ ಲೇಸರ್‌ನಿಂದ ಬೇಕೆಂದೇ ಮುಚ್ಚಿದ ನಾಳವನ್ನು ನೋಡಿ ‘ಹೆಪ್ಪುಗಟ್ಟಿದೆ’ ಎಂದು ಬರೆದುಕೊಡುವುದುಂಟು, ಮನೆಯವರೆಲ್ಲ ಸುಮ್ಮನೆ ಗಾಬರಿಯಾಗುತ್ತಾರೆ.

ಸ್ಕ್ಯಾನ್‌ಗೆ ಮುಂಚೆಯೋ ಆಮೇಲೋ, ಯಾವಾಗಲೇ ಆಗಲಿ, ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿದಾಗ ರಕ್ತ ಕಂಡರೆ, ತಲೆ ಸುತ್ತಿ ಬಿದ್ದರೆ ಯಾರನ್ನೂ ಕೇಳುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ತುರ್ತು ಚಿಕಿತ್ಸೆ ಇರುವ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಕಾಲಿನ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದಾಗ ಹೀಗಾಗುತ್ತದೆ. ಲೇಸರ್ ಆದವರಲ್ಲಿ ಇದು ಬಹಳ ಅಪರೂಪ, ಆದರೆ ಆದಾಗ ಗಂಟೆಗಳ ಲೆಕ್ಕ.

ಈಗ ಪಕ್ಕದ ಮನೆಯವರ ಮಾತು. ಈ ಗೊಂದಲಕ್ಕೆ ನಮ್ಮ ‘ನರ’ ಎಂಬ ಪದವೇ ಅರ್ಧ ಕಾರಣ. ಕೈ ಮೇಲೆ ಹಸಿರಾಗಿ ಕಾಣುವ ರಕ್ತನಾಳವೂ ನಮಗೆ ನರವೇ, ಸ್ಪರ್ಶ ತಿಳಿಸುವ ತಂತುವೂ ನರವೇ. ನಿಮಗೆ ಲೇಸರ್ ಮಾಡಿದ್ದು ರಕ್ತನಾಳಕ್ಕೆ, ಅದೂ ಕೆಟ್ಟುಹೋದ ರಕ್ತನಾಳಕ್ಕೆ. ಪಾದದ ಒಳಗಂಟಿನಿಂದ ತೊಡೆಸಂದಿನವರೆಗೆ ಚರ್ಮದ ಕೆಳಗೇ ಹೋಗುವ ಉದ್ದನೆಯ ನಾಳ ಅದು. ರಕ್ತವನ್ನು ಮೇಲಕ್ಕೆ ಮಾತ್ರ ಬಿಡಬೇಕಾದ ಅದರ ಕವಾಟಗಳು ಸಡಿಲವಾಗಿ, ರಕ್ತ ಕೆಳಕ್ಕೆ ಜಾರಿ ಮೀನಖಂಡದಲ್ಲಿ ನಿಲ್ಲುತ್ತಿತ್ತು. ಸಂಜೆಯ ಭಾರವೂ ಉಬ್ಬಿದ ಗಂಟುಗಳೂ ಅದರಿಂದ ಬಂದವು. ಕಾಲಿನಿಂದ ಹೃದಯಕ್ಕೆ ವಾಪಸ್ಸಾಗುವ ರಕ್ತದಲ್ಲಿ ಸುಮಾರು ಶೇ 90ರಷ್ಟು ಸ್ನಾಯುಗಳ ನಡುವೆ ಇರುವ ಆಳದ ನಾಳಗಳಲ್ಲೇ ಹೋಗುತ್ತದೆ. ಸೋರುತ್ತಿದ್ದ ಮೇಲಿನ ನಾಳವನ್ನು ಮುಚ್ಚಿದರೆ ಕಾಲಿಗೆ ನಷ್ಟವಿಲ್ಲ, ಭಾರ ಇಳಿಯುತ್ತದೆ. ಆದರೆ ಆಳದ ನಾಳದಲ್ಲಿ ಹೆಪ್ಪುಗಟ್ಟಿದರೆ ಮುಖ್ಯ ದಾರಿಯೇ ಕಟ್ಟಿಕೊಂಡ ಹಾಗೆ. ಮೀನಖಂಡದ ಊತದ ಬಗ್ಗೆ ನಾನು ಅಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ತೊಡೆಯ ಎಳೆತ ಯಾಕೆ ಎನ್ನುವುದು ಅಂದು ಒಳಗೆ ಏನಾಯಿತೆಂದು ತಿಳಿದರೆ ತಾನಾಗಿ ಅರ್ಥವಾಗುತ್ತದೆ. ಸಾಮಾನ್ಯವಾಗಿ ಮಂಡಿಯ ಹತ್ತಿರ ಸೂಜಿ ಚುಚ್ಚಿ, ಸ್ಕ್ಯಾನ್ ನೋಡುತ್ತ, ಲೇಸರ್‌ನ ಸಣ್ಣ ತಂತುವನ್ನು ನಾಳದೊಳಗೆ ಮೇಲಕ್ಕೆ ತಳ್ಳುತ್ತಾರೆ. ನಾಳ ಆಳದ ನಾಳವನ್ನು ಸೇರುವ ಜಾಗಕ್ಕೆ ಸುಮಾರು 2 ಸೆಂ.ಮೀ. ಕೆಳಗೆ ಅದರ ತುದಿಯನ್ನು ನಿಲ್ಲಿಸುತ್ತಾರೆ. ಲಿಗ್ನೊಕೇನ್ ಬೆರೆಸಿದ ತಣ್ಣನೆಯ ಸಲೈನನ್ನು ನಾಳದ ಉದ್ದಕ್ಕೂ ಸುತ್ತ ತುಂಬುತ್ತಾರೆ. ನೋವು ಗೊತ್ತಾಗದಂತೆ ಮಾಡುವುದು ಅದರ ಒಂದು ಕೆಲಸ, ಕಾವು ಚರ್ಮಕ್ಕೂ ಪಕ್ಕದ ನರಕ್ಕೂ ತಾಗದಂತೆ ತಡೆಯುವುದು ಇನ್ನೊಂದು. ಆಮೇಲೆ ಲೇಸರ್ ಹಚ್ಚಿ ತಂತುವನ್ನು ನಿಧಾನವಾಗಿ ಕೆಳಕ್ಕೆ ಎಳೆಯುತ್ತ ಬರುತ್ತಾರೆ. ಗೋಡೆ ಒಳಗಿನಿಂದ ಬೆಂದು ಮುದುರಿ ಅಂಟಿಕೊಳ್ಳುತ್ತದೆ. ನಾಳವನ್ನು ಕಿತ್ತು ತೆಗೆದಿಲ್ಲ, ಅದು ಅಲ್ಲೇ ಇದೆ. ಮುಂದಿನ ತಿಂಗಳುಗಳಲ್ಲಿ ಅದು ನಾರಾಗಿ ಸವೆದು ಹೋಗುತ್ತದೆ. ಆ ದಾರಿಯಲ್ಲಿ ಅದು ಗಟ್ಟಿಯಾಗಿ, ಗಿಡ್ಡವಾಗಿ, ಸುತ್ತ ಉರಿಯೂತ ಏಳುವ ಕಾಲ 5ರಿಂದ 10ನೇ ದಿನ. ಮೊದಲ 4 ದಿನ ಆರಾಮಿದ್ದು 6ನೇ ದಿನ ಹಗ್ಗ ಬಿಗಿದಂತಾಗುವುದು ಅದಕ್ಕೇ. ಇದರಿಂದ ಲೇಸರ್ ಕೆಟ್ಟಿದೆ ಎಂದಾಗುವುದಿಲ್ಲ, ನಾಳ ಮುಚ್ಚಿಕೊಳ್ಳುತ್ತಿರುವಾಗ ಇಂಥ ಎಳೆತ ಸಾಮಾನ್ಯ. ಹೆಚ್ಚಿನವರಲ್ಲಿ 2-3 ವಾರದಲ್ಲಿ ಇಳಿಯುತ್ತದೆ, ಕೆಲವರಿಗೆ 6 ವಾರ ಹಿಡಿಯುತ್ತದೆ. ಹಳೆಯ ಲೇಸರ್ ಯಂತ್ರಗಳಿಗಿಂತ ಈಗಿನ, ಸುತ್ತಲೂ ಬೆಳಕು ಚೆಲ್ಲುವ ತಂತುಗಳಲ್ಲಿ ಈ ನೋವು, ನೀಲಿ ಎರಡೂ ಕಡಿಮೆ.

ಎಳೆತ ಇದೆಯೆಂದು ಕಾಲು ಮಡಚಿಟ್ಟು ಮಲಗಿದರೆ ಅದು ಇನ್ನಷ್ಟು ಬಿಗಿಯುತ್ತದೆ. ಮಂಚದ ಮೇಲೆ ಕಾಲು ಚಾಚಿ ಕುಳಿತು, ಬೆರಳುಗಳನ್ನು ನಿಮ್ಮ ಕಡೆಗೆ ಎಳೆದು 10 ಎಣಿಸಿ, ಬಿಡಿ. ದಿನಕ್ಕೆ 3-4 ಸಲ ಹೀಗೆ ಮಾಡಿ. ನೋವಿಗೆ ಪ್ಯಾರಸಿಟಮಾಲ್ 650 ಮಿ.ಗ್ರಾಂ. 6 ಗಂಟೆ ಅಂತರ ಬಿಟ್ಟು ದಿನಕ್ಕೆ 3 ಸಲ ತೆಗೆದುಕೊಳ್ಳಬಹುದು. ಉರಿಯೂತಕ್ಕೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಚೆನ್ನಾಗಿ ಕೆಲಸ ಮಾಡುತ್ತವೆ, ಆದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ ಬೇಡ. ನೀವಂತೂ ಸ್ಕ್ಯಾನ್ ಆಗುವವರೆಗೆ ಅವನ್ನು ಮುಟ್ಟಬೇಡಿ. ಹೆಪ್ಪು ಕಂಡರೆ ರಕ್ತ ತೆಳುವಾಗಿಸುವ ಮಾತ್ರೆ ಶುರುವಾಗುತ್ತದೆ, ಎರಡೂ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಅಪಾಯ.

ನೀಲಿ ಹಳದಿಗೆ ತಿರುಗಿದ್ದು ಒಳ್ಳೆಯದೇ, ರಕ್ತ ಕರಗುತ್ತಿದೆ. ಅದರ ಮಾತು ಅಷ್ಟು ಸಾಕು.

ಮಂಡಿ ಕೆಳಗಿನ ಮರಗಟ್ಟುವಿಕೆ ಮಾತ್ರ ನಿಜವಾದ ಅರ್ಥದ ನರದ್ದು. ಮಂಡಿಯಿಂದ ಕೆಳಗೆ ಆ ರಕ್ತನಾಳಕ್ಕೆ ಅಂಟಿಕೊಂಡಂತೆ ಚರ್ಮದ ಸ್ಪರ್ಶ ತಿಳಿಸುವ ಒಂದು ನರ ಹೋಗುತ್ತದೆ. ಅದಕ್ಕೆ ಕಾವೋ ಸೂಜಿಯೋ ತಾಗಿದರೆ ಒಳಬದಿಯ ಒಂದು ಪಟ್ಟಿ ಜಡವಾಗುತ್ತದೆ, ಜೋಮು ಹಿಡಿದಂತಾಗುತ್ತದೆ. ಆ ನರ ಯಾವ ಸ್ನಾಯುವನ್ನೂ ಆಡಿಸುವುದಿಲ್ಲ, ಹಾಗಾಗಿ ನಡಿಗೆಗೆ ಕುಂದಿಲ್ಲ. ವಾರಗಳಿಂದ ತಿಂಗಳುಗಳಲ್ಲಿ ಆ ಜಾಗ ಕಿರಿದಾಗುತ್ತ ಬರುತ್ತದೆ. ಕೆಲವರಿಗೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಕೊನೆಗೂ ಹಾಗೇ ಉಳಿಯಬಹುದು, ಇದನ್ನು ಮುಚ್ಚಿಡುವುದಿಲ್ಲ. ಆದರೆ ಪಾದ ಮೇಲಕ್ಕೆತ್ತಲು ಬಾರದೆ ಚಪ್ಪಲಿ ನೆಲಕ್ಕೆ ಉಜ್ಜುತ್ತಿದ್ದರೆ ಕಥೆ ಬೇರೆ, ಅಂದೇ ವೈದ್ಯರಿಗೆ ತೋರಿಸಬೇಕು.

ಅತ್ತೆಯವರ ಶಾಖಕ್ಕೆ ನಾನು ಬೇಡ ಎನ್ನುವುದು ಈ ಮರಗಟ್ಟಿದ ಜಾಗದಿಂದಾಗಿಯೇ. ಬಿಸಿನೀರಿನ ಚೀಲ ಒಳ್ಳೆಯ ಚರ್ಮಕ್ಕೆ ಸುಡತೊಡಗಿದರೆ ಕೈ ತಾನಾಗಿ ಹಿಂದೆ ಬರುತ್ತದೆ. ಸ್ಪರ್ಶವಿಲ್ಲದ ಚರ್ಮಕ್ಕೆ ಆ ಎಚ್ಚರಿಕೆಯೇ ಇಲ್ಲ. 10 ನಿಮಿಷ ಬಿಟ್ಟು ತೆಗೆದಾಗ ಬೊಬ್ಬೆ ಎದ್ದಿರುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಆ ಬೊಬ್ಬೆ ವಾಸಿಯಾಗಲು ತಿಂಗಳು ಬೇಕು, ಆಮೇಲೆ ಎಲ್ಲರೂ ‘ಲೇಸರ್ ಸುಟ್ಟದ್ದು’ ಎನ್ನುತ್ತಾರೆ. ಎಣ್ಣೆ ಹಚ್ಚುವುದರಲ್ಲಿ ತಪ್ಪಿಲ್ಲ, ಒತ್ತಿ ನೀವುವುದರಲ್ಲಿದೆ. ಆಳದ ನಾಳದಲ್ಲಿ ಹೆಪ್ಪು ಇದ್ದರೆ ನೀವುವ ಕೈಯೇ ಅದನ್ನು ಕಳಚಿ ಕಳಿಸಬಹುದು. ಅತ್ತೆಯವರ ಕಾಳಜಿ ದೊಡ್ಡದು, ಅವರಿಗೆ ಇಷ್ಟು ಹೇಳಿ: ಇನ್ನೊಂದು ತಿಂಗಳು ಆ ಕಾಲಿಗೆ ನೀವುವುದು, ಶಾಖ, ಅಭ್ಯಂಜನದ ಸುಡುನೀರು ಬೇಡ. ಉಗುರುಬೆಚ್ಚಗಿನ ನೀರಿನ ಸ್ನಾನ ದಿನವೂ ಆಗಬಹುದು.

ಮತ್ತೆ ಊತಕ್ಕೆ ಬರೋಣ. ಲೇಸರ್ ಆದ ಕಾಲು ಸಂಜೆ ಸ್ವಲ್ಪ ಊದಿ ಬೆಳಿಗ್ಗೆ ಇಳಿಯುವುದಕ್ಕೆ ನಿರಪಾಯದ ಕಾರಣಗಳೂ ಇವೆ. ನೊರೆ ಕೊಟ್ಟ ಗಂಟುಗಳ ಸುತ್ತ ಉರಿಯೂತ ಇರಬಹುದು. ಸ್ಟಾಕಿಂಗ್ಸ್ ತೆಗೆದದ್ದೂ ಆಗಿರಬಹುದು. ಅದಕ್ಕೂ ಹಿಂದೆ, ಮಂಡಿ ಹಿಂದೆ ಸುರುಳಿ ಸುತ್ತಿಕೊಂಡ ಸ್ಟಾಕಿಂಗ್ಸ್ ಹಗ್ಗ ಬಿಗಿದಂತೆ ರಕ್ತ ತಡೆದು ತಾನೇ ಊತ ತರುತ್ತದೆ. ಆದರೆ ಆಳದ ಹೆಪ್ಪೂ ಶುರುವಿನಲ್ಲಿ ಹೀಗೇ ಕಾಣಬಹುದು. ಮುಟ್ಟಿ ನೋಡಿ, ಫೋಟೊ ನೋಡಿ ಇವನ್ನು ಬೇರ್ಪಡಿಸಲು ಯಾವ ವೈದ್ಯರಿಗೂ ಆಗದು. ಹೊಲಿಗೆ ಟೇಪು ಇದ್ದರೆ ಒಂದು ಅಳತೆ ಮಾಡಿ: ಮಂಡಿಚಿಪ್ಪಿನ ಕೆಳಗೆ ಮುಂದುಗಡೆ ಮೂಳೆ ಉಬ್ಬಿದ ಜಾಗದಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲಿನ ಸುತ್ತಳತೆ ತೆಗೆದುಕೊಳ್ಳಿ. ಬಲಗಾಲು 3 ಸೆಂ.ಮೀ.ಗಿಂತ ಹೆಚ್ಚು ದಪ್ಪ ಇದ್ದರೆ ಅನುಮಾನ ಬಲವಾಗುತ್ತದೆ, ನಾಳೆಗೆ ಕಾಯದೆ ಈಗಲೇ ಹೊರಡಿ. ಕಡಿಮೆ ಇದ್ದರೆ ಹೆಪ್ಪಿಲ್ಲ ಎಂದಲ್ಲ, ಸ್ಕ್ಯಾನ್ ಹೇಗೂ ಬೇಕು. ಹೆಪ್ಪಿನ ಸುಳಿವು ಹುಡುಕುವ ಡಿ-ಡೈಮರ್ ಎಂಬ ರಕ್ತಪರೀಕ್ಷೆ ಮಾಡಿಸಿದರೆ ಸಾಕೇ ಎಂದು ಹಲವರು ಕೇಳುತ್ತಾರೆ. ಲೇಸರ್, ನೊರೆ ಎರಡರಿಂದಲೂ ಅದು ಹೇಗೂ ಏರಿರುತ್ತದೆ, ಈ ಹೊತ್ತಿನಲ್ಲಿ ಅದರಿಂದ ಏನೂ ತೀರ್ಮಾನವಾಗದು.

ಊತ ಇಲ್ಲದವರಿಗೂ ಮೊದಲ ವಾರದ ಸ್ಕ್ಯಾನ್ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಲೇಸರ್‌ನಿಂದ ಮುಚ್ಚಿದ ನಾಳದ ಮೇಲ್ತುದಿಯಲ್ಲಿ ಸ್ವಲ್ಪ ಹೆಪ್ಪು ಇರುವುದು ಸಹಜ. ಒಮ್ಮೊಮ್ಮೆ ಅದು ಬೆಳೆದು ತೊಡೆಸಂದಿನಲ್ಲಿ ಆಳದ ನಾಳದೊಳಕ್ಕೆ ನಾಲಗೆಯ ಹಾಗೆ ಚಾಚುತ್ತದೆ. ನೋವಿಲ್ಲ, ಊತವಿಲ್ಲ, ಸ್ಕ್ಯಾನ್‌ನಲ್ಲಿ ಮಾತ್ರ ಕಾಣುತ್ತದೆ. ವರದಿಯಲ್ಲಿ ಮೂರು ಸಂಗತಿ ಇದೆಯೇ ನೋಡಿಕೊಳ್ಳಿ: ತೊಡೆಸಂದಿನಿಂದ ಮೀನಖಂಡದವರೆಗೆ ಆಳದ ನಾಳಗಳನ್ನು ಒತ್ತಿದಾಗ ಮುಚ್ಚಿಕೊಳ್ಳುತ್ತವೆಯೇ, ಹೆಪ್ಪಿನ ತುದಿ ಆಳದ ನಾಳದಿಂದ ಎಷ್ಟು ದೂರದಲ್ಲಿದೆ, ಲೇಸರ್ ಆದ ನಾಳ ಪೂರ್ತಿ ಮುಚ್ಚಿದೆಯೇ.

ಹೆಪ್ಪು ಆಳದ ನಾಳದ ಬಾಯಿಯವರೆಗೆ ಬಂದು ಅಲ್ಲೇ ನಿಂತಿದ್ದರೆ ಮಾತ್ರೆ ಬೇಕಿಲ್ಲ. ಒಳಗೆ ಚಾಚಿದ್ದು ಅರ್ಧಕ್ಕಿಂತ ಕಡಿಮೆ ಜಾಗ ಹಿಡಿದಿದ್ದರೆ ಎರಡು ದಾರಿ ಇವೆ. ವಾರಕ್ಕೊಮ್ಮೆ ಸ್ಕ್ಯಾನ್ ಮಾಡುತ್ತ ಅದು ಹಿಂದೆ ಸರಿಯುವವರೆಗೆ ಕಾಯುವುದು ಒಂದು, ಅಲ್ಲಿಯವರೆಗೆ ರಕ್ತ ತೆಳುವಾಗಿಸುವ ಮಾತ್ರೆ ಕೊಡುವುದು ಇನ್ನೊಂದು. ಹಿಂದೆ ಹೆಪ್ಪುಗಟ್ಟಿದ್ದವರು, ಕ್ಯಾನ್ಸರ್ ಇರುವವರು, ಹಾರ್ಮೋನ್ ಮಾತ್ರೆ ನುಂಗುವವರು, ತೂಕ ಬಹಳ ಇರುವವರಿಗೆ ಮಾತ್ರೆಯ ಕಡೆಗೇ ತಕ್ಕಡಿ ವಾಲುತ್ತದೆ. ನೀವು ಮುಟ್ಟಿನ ತೊಂದರೆಗೆ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕೇಳದಿದ್ದರೂ ಹೇಳಿ. ಅರ್ಧಕ್ಕಿಂತ ಹೆಚ್ಚು ಚಾಚಿದ್ದರೆ ಮಾತ್ರೆ ಬೇಕೇ ಬೇಕು. ತೊಡೆಯ ಅಥವಾ ಮಂಡಿ ಹಿಂದಿನ ಆಳದ ನಾಳವೇ ಕಟ್ಟಿಕೊಂಡಿದ್ದರೆ ಚಿಕಿತ್ಸೆ ಸಾಮಾನ್ಯವಾಗಿ 3 ತಿಂಗಳು. ಮೀನಖಂಡದ ಸಣ್ಣ ನಾಳದಲ್ಲಿ ಮಾತ್ರ ಇದ್ದರೆ ಮಾತ್ರೆಯೋ ಮರುಸ್ಕ್ಯಾನೋ ಎಂದು ವೈದ್ಯರು ನಿಮ್ಮ ಜೊತೆ ಮಾತಾಡಿ ನಿರ್ಧರಿಸುತ್ತಾರೆ, ಊತ ಇರುವಾಗ ಹೆಚ್ಚಾಗಿ ಮಾತ್ರೆಯನ್ನೇ ಆರಿಸುತ್ತಾರೆ. ಈಗ ಬಳಸುವುದು ಹೆಚ್ಚಾಗಿ ರಿವರೋಕ್ಸಬಾನ್ ಅಥವಾ ಅಪಿಕ್ಸಬಾನ್. ನಿಮ್ಮ ವಯಸ್ಸಿನಲ್ಲಿ ಇವುಗಳಿಂದ ಮುಟ್ಟಿನ ರಕ್ತಸ್ರಾವ ವಿಪರೀತವಾಗಬಹುದು, ಆಗ ನೀವಾಗಿಯೇ ನಿಲ್ಲಿಸದೆ ಫೋನ್ ಮಾಡಿ ಕೇಳಿ. ಮನೆಯಲ್ಲಿ ಯಾರಿಗೋ ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಈ ಕೆಲಸಕ್ಕೆ ಬದಲಿಯಲ್ಲ.

ಸ್ಟಾಕಿಂಗ್ಸ್ 5ನೇ ದಿನ ತೆಗೆದದ್ದರಿಂದ ಲೇಸರ್ ವ್ಯರ್ಥವಾಗಿಲ್ಲ. ನಾಳವನ್ನು ಮುಚ್ಚುವುದು ಕಾವು, ಸ್ಟಾಕಿಂಗ್ಸ್ ಅಲ್ಲ. ಅದು ನೋವು, ನೀಲಿ, ಊತವನ್ನು ಕಡಿಮೆ ಮಾಡುತ್ತದೆ. ಬ್ರಿಟನ್‌ನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ, ಹಾಕಿಸಿದರೂ 7 ದಿನಕ್ಕಿಂತ ಹೆಚ್ಚು ಬೇಡ ಎನ್ನುತ್ತದೆ; ನಮ್ಮಲ್ಲಿ 2 ವಾರ ಹೇಳುವವರು ಹೆಚ್ಚು. ಮತ್ತೆ ಹಾಕಿಕೊಳ್ಳಬೇಕೇ ಎನ್ನುವುದನ್ನು ಸ್ಕ್ಯಾನ್ ನೋಡಿದವರು ಹೇಳಲಿ. ಹಾಕಿದರೆ ಸರಿಯಾಗಿ ಹಾಕಿ. ಬೆಳಿಗ್ಗೆ ಮಂಚದಿಂದ ಇಳಿಯುವ ಮುಂಚೆ, ಕಾಲು ಊದುವ ಮುಂಚೆ. ಕೈ ಒಳಗೆ ಹಾಕಿ ಹಿಮ್ಮಡಿಯ ಜಾಗವನ್ನು ಹಿಡಿದು, ಅಲ್ಲಿಯವರೆಗೆ ಒಳಹೊರಗು ಮಾಡಿ. ಪಾದ ತೂರಿಸಿ, ಹಿಮ್ಮಡಿ ಸರಿಯಾಗಿ ಕೂತ ಮೇಲೆ ಉಳಿದದ್ದನ್ನು ಅಂಗೈಯಿಂದ ಸ್ವಲ್ಪಸ್ವಲ್ಪವೇ ಮೇಲಕ್ಕೆ ನೇವರಿಸಿ. ಮೇಲಂಚು ಹಿಡಿದು ಜಗ್ಗಿದರೆ ಬಟ್ಟೆ ತೊಡೆಯಲ್ಲಿ ಅತಿಯಾಗಿ ಹಿಗ್ಗಿ, ನಡೆದಾಗ ಕೆಳಗೆ ಜಾರಿ, ಮಂಡಿ ಹಿಂದೆ ಸುರುಳಿಯಾಗುತ್ತದೆ. ನಿಮಗೆ ಆದದ್ದು ಬಹುಶಃ ಇದೇ, ಇಲ್ಲವೇ ಅಳತೆ ತಪ್ಪಿದೆ. ಪಾದದ ಗಂಟು, ಮೀನಖಂಡ, ತೊಡೆ ಮೂರರ ಸುತ್ತಳತೆ ತೆಗೆಯದೆ ಮೀಡಿಯಂ, ಲಾರ್ಜ್ ಎಂದು ಅಂದಾಜಿನಲ್ಲಿ ಕೊಡುವ ಅಂಗಡಿಯಲ್ಲಿ ಕೊಳ್ಳಬೇಡಿ. ಬೆರಳು ನೀಲಿಯಾದರೆ, ತಣ್ಣಗಾದರೆ ಕೂಡಲೇ ತೆಗೆಯಿರಿ. ಸಕ್ಕರೆ ಕಾಯಿಲೆಯಿಂದಲೋ ಧೂಮಪಾನದಿಂದಲೋ ಕಾಲಿನ ಅಪಧಮನಿ (ಹೃದಯದಿಂದ ಕಾಲಿಗೆ ರಕ್ತ ತರುವ ನಾಳ) ಕಟ್ಟಿಕೊಂಡಿರುವವರು ಪರೀಕ್ಷೆ ಮಾಡಿಸದೆ ಬಿಗಿ ಸ್ಟಾಕಿಂಗ್ಸ್ ಹಾಕಲೇಬಾರದು.

ಮುಂದಿನ ವಾರಗಳಲ್ಲಿ ನೊರೆ ಕೊಟ್ಟ ಜಾಗದಲ್ಲಿ ಕಡಲೆಕಾಳಿನಷ್ಟು ಗಟ್ಟಿ ಗಂಟು ಕೈಗೆ ಸಿಗಬಹುದು. ಮುಚ್ಚಿದ ನಾಳದಲ್ಲಿ ಸಿಕ್ಕಿಕೊಂಡ ಹಳೆಯ ರಕ್ತ ಅದು. ನೋವಿದ್ದರೆ ವೈದ್ಯರು ಸೂಜಿಯಿಂದ ಚುಚ್ಚಿ ಹೊರತೆಗೆಯುತ್ತಾರೆ, ಆಮೇಲೆ ಉಳಿಯುವ ಕಂದು ಕಲೆಯೂ ಕಡಿಮೆಯಾಗುತ್ತದೆ. ನಮ್ಮ ಚರ್ಮದ ಬಣ್ಣಕ್ಕೆ ಆ ಕಲೆ ಬೇಗ ಮೂಡಿ ನಿಧಾನವಾಗಿ ಮಾಸುತ್ತದೆ, 6 ತಿಂಗಳಿಂದ 1 ವರ್ಷ. ಔಷಧಿ ಅಂಗಡಿಯವರು ಕೊಡುವ ಸ್ಟೆರಾಯ್ಡ್ ಬೆರೆಸಿದ ಬಿಳುಪಿನ ಕ್ರೀಮ್ ಹಚ್ಚಬೇಡಿ, ಚರ್ಮ ತೆಳುವಾಗಿ ಹೊಸ ತೊಂದರೆ ಶುರುವಾಗುತ್ತದೆ. ಸೂಜಿ ಚುಚ್ಚಿದ ಜಾಗದ ಸುತ್ತ ಕೆಂಪು ದಿನದಿಂದ ದಿನಕ್ಕೆ ಹರಡಿದರೆ, ಕೀವು ಬಂದರೆ, ಚಳಿಜ್ವರ ಬಂದರೆ ಅದು ಸೋಂಕು. ಲೇಸರ್ ದಾರಿಯ ಮೇಲೆ ಬೊಬ್ಬೆ ಅಥವಾ ಕಪ್ಪಗೆ ಗಟ್ಟಿಯಾದ ಚರ್ಮ ಕಂಡರೆ ಅದು ಸುಟ್ಟ ಗಾಯ, ಅಪರೂಪ. ಎರಡಕ್ಕೂ ಫೋನಿನಲ್ಲಿ ಸಲಹೆ ಸಾಲದು, ಹೋಗಿ ತೋರಿಸಿ.

ಶಾಲೆಗೆ ಹೋಗುವುದಕ್ಕೆ, ಸ್ಕ್ಯಾನ್ ಸರಿಯಿದ್ದರೆ, ಅಡ್ಡಿಯಿಲ್ಲ. ಕಾಲಿಗೆ ಕಷ್ಟವಾಗುವುದು ನಡೆಯುವುದರಿಂದಲ್ಲ, ಕದಲದೆ ನಿಲ್ಲುವುದರಿಂದ. ಹೆಜ್ಜೆ ಇಟ್ಟಾಗಲೆಲ್ಲ ಮೀನಖಂಡದ ಸ್ನಾಯು ರಕ್ತವನ್ನು ಹಿಂಡಿ ಮೇಲಕ್ಕೆ ಕಳಿಸುತ್ತದೆ. ಬೋರ್ಡ್ ಮುಂದೆ ನಿಂತಲ್ಲೇ ಇರದೆ ಬೆಂಚುಗಳ ನಡುವೆ ಓಡಾಡುತ್ತ ಪಾಠ ಮಾಡಿ. ಪ್ರತಿ ಪೀರಿಯಡ್ ಮುಗಿದಾಗ ಮೇಜು ಹಿಡಿದು 20 ಸಲ ತುದಿಗಾಲಲ್ಲಿ ನಿಂತು ಇಳಿಯಿರಿ. ಸ್ಕೂಟರ್ ಬೇಕಿದ್ದರೆ, ನಿಂತ ಗಾಡಿಯಲ್ಲಿ ಎರಡೂ ಕಾಲೂರಿ ಭಾರ ತಡೆಯುವುದು ನೋವಿಲ್ಲದೆ ಆಗುತ್ತದೆಯೇ ನೋಡಿಕೊಂಡು ಹತ್ತಿ.

ಉಡುಪಿಯ ರಾತ್ರಿ ಬಸ್ಸು ಬೇಡ. ಸ್ಕ್ಯಾನ್ ಪೂರ್ತಿ ಸರಿಯಿದ್ದರೂ ಲೇಸರ್ ಆಗಿ 4 ವಾರದೊಳಗೆ 4 ಗಂಟೆಗಿಂತ ಹೆಚ್ಚು ಕಾಲು ಇಳಿಬಿಟ್ಟು ಕೂರುವ ಪ್ರಯಾಣ ನಾನು ಒಪ್ಪುವುದಿಲ್ಲ. ತೀರಾ ಹತ್ತಿರದವರ ಮದುವೆ, ಹೋಗದೆ ಇರಲಾಗದು ಎಂದಾದರೆ ಹಗಲು ರೈಲು ನೋಡಿ, ಗಂಟೆಗೊಮ್ಮೆಯಾದರೂ ಎದ್ದು ಬೋಗಿಯ ಉದ್ದಕ್ಕೂ ನಡೆಯಬಹುದು. ಕಾರಾದರೆ ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ 5 ನಿಮಿಷ ಓಡಾಡಿ. ನೀರು ಕುಡಿಯುತ್ತಿರಿ, ದಾರಿಯಲ್ಲಿ ಶೌಚಾಲಯ ಸಿಗದೆಂದು ನಮ್ಮ ಹೆಣ್ಣುಮಕ್ಕಳು ನೀರನ್ನೇ ಬಿಟ್ಟು ಕೂರುವುದು ಹೆಪ್ಪುಗಟ್ಟುವುದಕ್ಕೆ ಇನ್ನೊಂದು ಕಾರಣವಾಗುತ್ತದೆ. ಆಳದ ನಾಳದಲ್ಲಿ ಹೆಪ್ಪು ಕಂಡರೆ ಮಾತ್ರೆ ಶುರುವಾಗಿ ಮರುಸ್ಕ್ಯಾನ್ ಆಗುವವರೆಗೆ ಮದುವೆಗೆ ಮನೆಯವರನ್ನು ಕಳಿಸಿ. ಸ್ಕ್ಯಾನ್ ವರದಿ ಕೈಗೆ ಬಂದ ಮೇಲೆ ಏನಾದರೂ ಅರ್ಥವಾಗದಿದ್ದರೆ, ಕೊನೆಯಲ್ಲಿ ಬರೆದ ಅಭಿಪ್ರಾಯದ ಸಾಲುಗಳನ್ನು ಹಾಗೆಯೇ ನಕಲು ಮಾಡಿ ಬರೆದು ಕಳಿಸಿ.